ಸರ್ವರ್‌ಗೂ ಕ್ಲೈಂಟ್‌ಗೂ ಬೇಕಾದ ಕೋಡ್ ಪೋಸ್ಟ್‌ಗ್ರೆಸ್‌ನಲ್ಲಿ ಎಲ್ಲಿಡಬೇಕು: ಪೋರ್ಟ್‌ನಲ್ಲೋ, ಕಾಮನ್‌ನಲ್ಲೋ?

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಸೋರ್ಸ್‌ನಲ್ಲಿ ಪೋರ್ಟ್, ಕಾಮನ್ ಅಂತ ಎರಡು ಫೋಲ್ಡರ್‌ಗಳಿವೆ. ಇದೇ ಪ್ರಶ್ನೆ ಹಿಡಿದುಕೊಂಡು ಬೆಳಗಾವಿಯಲ್ಲಿ ನಾವೂ ಒಂದಿಡೀ ಮಧ್ಯಾಹ್ನ ಜಗಳ ಆಡಿದ್ದೆವು. ಫೋಲ್ಡರ್ ಸರಿಯಾಗಿಯೇ ಆರಿಸಿದೆವು. ಆದರೂ ಪೆಟ್ಟು ತಿಂದೆವು.

ನಮ್ಮದು ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಆಫೀಸು. ಪೋಸ್ಟ್‌ಗ್ರೆಸ್ 12ರ ಸೋರ್ಸ್ ತಂದು ನಮಗೆ ಬೇಕಾದಂತೆ ತಿದ್ದಿಕೊಂಡಿದ್ದೆವು. ಸರ್ವೆ ನಂಬರನ್ನು ಕೆಲವರು ೧೨೩ ಅಂತ, ಕೆಲವರು 123 ಅಂತ ಬರೆಯುತ್ತಾರೆ. ಎರಡನ್ನೂ ಒಂದೇ ಮಾಡುವ ಫಂಕ್ಷನ್ ಬರೆದು ಕಾಮನ್‌ಗೆ ಹಾಕಿದೆ. ಮೆಮೊರಿ ಬೇಕಾದಲ್ಲಿ ಪ್ಯಾಲಾಕ್ ಕರೆದೆ, ಅದು ಮೆಮೊರಿ ಕೊಡುವ ಪೋಸ್ಟ್‌ಗ್ರೆಸ್‌ನದೇ ಫಂಕ್ಷನ್. ಕಂಪೈಲ್ ಆಯಿತು, ಪಿಎಸ್‌ಕ್ಯೂಎಲ್ ಎಂಬ ಕ್ಲೈಂಟ್ ಕೂಡ ಓಡಿತು.

ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರ್ವರ್‌ನಲ್ಲಿ ಪ್ಯಾಲಾಕ್‌ಗೆ ಮೆಮೊರಿ ಸಿಗದಿದ್ದರೆ ಎರರ್ ಬಂದು ಆ ಟ್ರಾನ್ಸಾಕ್ಷನ್ ಮಾತ್ರ ರದ್ದಾಗುತ್ತದೆ. ಕ್ಲೈಂಟ್ ಕಡೆಯೂ ಅದೇ ಹೆಸರಿನ ಫಂಕ್ಷನ್ ಇದೆ, ಎಫ್‌ಇ-ಮೆಮ್‌ಯುಟಿಲ್ಸ್ ಎಂಬ ಫೈಲ್‌ನಲ್ಲಿ. ಅದು 'ಔಟ್ ಆಫ್ ಮೆಮೊರಿ' ಅಂತ ಬರೆದು ಸೀದಾ ಎಕ್ಸಿಟ್ ಆಗುತ್ತದೆ. ಬ್ಯಾಕಪ್ ತೆಗೆಯುವ ಪಿಜಿಡಂಪ್‌ಗೆ ಪರವಾಗಿಲ್ಲ, ಮತ್ತೆ ಓಡಿಸಿದರಾಯಿತು. ಆದರೆ ಲಿಬ್‌ಪಿಕ್ಯೂ ಸರ್ವರ್ ಜೊತೆ ಮಾತಾಡಲು ಬೇರೆಯವರ ಪ್ರೋಗ್ರಾಂ ಒಳಗೆ ಕೂರುವ ಲೈಬ್ರರಿ. ಅದು ಎಕ್ಸಿಟ್ ಆಗುವುದೆಂದರೆ ಬಾಡಿಗೆಯವನು ಇಡೀ ಮನೆಗೆ ಬೀಗ ಜಡಿದು ಹೋದ ಹಾಗೆ. ಕಾಮನ್ ಕೋಡನ್ನು ಸರ್ವರ್‌ಗೆ, ಕ್ಲೈಂಟ್‌ಗೆ, ಶೇರ್ಡ್ ಲೈಬ್ರರಿಗೆ ಅಂತ ಮೂರು ಬಗೆಯಲ್ಲಿ ಕಟ್ಟುತ್ತಾರೆ. ಮೂರನೆಯದರಲ್ಲಿ ಈ ಫೈಲ್ ಈಗ ಇರುವುದಿಲ್ಲ. ಯಾಕೆ ಅಂತ ಮೇಕ್‌ಫೈಲ್‌ನಲ್ಲೇ, ಅಂದರೆ ಹೇಗೆ ಕಟ್ಟಬೇಕೆಂದು ಹೇಳುವ ಫೈಲ್‌ನಲ್ಲೇ, ಬರೆದಿದೆ. ಆದರೆ ನಮ್ಮ 12ರಲ್ಲಿ ಇತ್ತು! ಹಾಗಾಗಿ ನನ್ನ ಫಂಕ್ಷನ್ ಲಿಬ್‌ಪಿಕ್ಯೂಗೆ ಸೇರಿದ ಮೇಲೂ ಕಬ್ಬು ತೂಗುವ ಕಾಟಾದ ಪ್ರೋಗ್ರಾಂ ಲಿಂಕ್ ಆಗುವಾಗ ಒಂದೂ ಎರರ್ ಬರಲಿಲ್ಲ.

ಹಂಗಾಮು ಶುರುವಾಯಿತು. ಬಾಗಲಕೋಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಕಾಟಾದ ಕಂಪ್ಯೂಟರ್ ಹಳೆಯದು, ಮೆಮೊರಿ ಕಮ್ಮಿ. 'ಸರ, ತಾನ ಬಂದ್ ಆಗಾಕತ್ತೈತ್ರಿ' ಅಂತ ಅಲ್ಲಿಂದ ಫೋನು. ನಮ್ಮ ಲಾಗ್‌ನಲ್ಲಿ ಒಂದಕ್ಷರ ಇಲ್ಲ. ಇರುವುದಾದರೂ ಹೇಗೆ, ಬರೆಯುವ ಮೊದಲೇ ಪ್ರೋಗ್ರಾಂ ಸತ್ತಿರುತ್ತದಲ್ವಾ? ಗೇಟಿನಾಚೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಆ ಹಂಗಾಮು ಮುಗಿದ ಮೇಲೆ ಆ ಕಾರ್ಖಾನೆ ನಮ್ಮನ್ನು ಮತ್ತೆ ಕರೆಯಲಿಲ್ಲ. ಲಿಬ್‌ಪಿಕ್ಯೂ ಎಲ್ಲಾದರೂ ಎಕ್ಸಿಟ್ ಕರೆಯುತ್ತದಾ ಎಂದು ಬಿಲ್ಡ್‌ನಲ್ಲೇ ನೋಡುವ ಪರೀಕ್ಷೆ ಬಂದದ್ದು ಪೋಸ್ಟ್‌ಗ್ರೆಸ್ 14ರಲ್ಲಿ.

ಹಾಗಾಗಿ ಯಾವ ಫೋಲ್ಡರ್ ಅನ್ನುವ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುವುದಿಲ್ಲ. ನಿಮ್ಮ ಕೋಡನ್ನು ಯಾರು ಕರೆಯುತ್ತಾರೆ, ಸೋತರೆ ಅದು ಏನು ಮಾಡುತ್ತದೆ, ಅದನ್ನು ಮೊದಲು ತೀರ್ಮಾನಿಸಿ. ಪೋರ್ಟ್ ಇರುವುದು ಆಪರೇಟಿಂಗ್ ಸಿಸ್ಟಂಗಳ ಕೊರತೆ ತುಂಬಲು, ಅದನ್ನು ಮರೆತುಬಿಡಿ. ಪಿಎಸ್‌ಕ್ಯೂಎಲ್, ಪಿಜಿಡಂಪ್‌ಗಳಿಗಷ್ಟೇ ಬೇಕಿದ್ದರೆ ಎಫ್‌ಇ-ಯುಟಿಲ್ಸ್ ಎಂಬ ಫೋಲ್ಡರ್. ಸರ್ವರ್‌ಗೂ ಬೇಕಿದ್ದರೆ ಕಾಮನ್, ಆದರೆ ಬೇಕಾದ ಮೆಮೊರಿಯನ್ನು ನಿಮ್ಮ ಫಂಕ್ಷನ್ ಕರೆಯುವವರೇ ಕೊಡಲಿ, ನೀವು ಎರರ್ ಕೋಡ್ ಮಾತ್ರ ಹಿಂತಿರುಗಿಸಿ. ಜೇಸನ್ ಪಾರ್ಸರ್ ನೋಡಿ. 13ರಲ್ಲಿ ಕಾಮನ್‌ಗೆ ಬಂದಾಗ ಅದನ್ನು ಎರರ್ ಕೋಡ್ ಕೊಡುವಂತೆ ಬದಲಿಸಿದರು. ಲಿಬ್‌ಪಿಕ್ಯೂಗೂ ಒಗ್ಗುವಂತೆ 18ಕ್ಕಾಗಿ ಮೆಮೊರಿ ತೆಗೆದುಕೊಳ್ಳುವ ರೀತಿಯನ್ನು ಮತ್ತೆ ತಿದ್ದಬೇಕಾಯಿತು.

ಕೋಡ್ ಇಪ್ಪತ್ತೇ ಸಾಲಾದರೆ ಸುಮ್ನೆ ಎರಡು ಕಡೆ ನಕಲು ಮಾಡಿ. ಪ್ಯಾಚ್ ನೋಡುವವರು ಗೊಣಗಬಹುದು, ಗೊಣಗಲಿ. ಕಾಮನ್‌ಗೇ ಹಾಕುವುದಾದರೆ ಫೈಲ್ ಹೆಸರನ್ನು ಮೇಕ್‌ಫೈಲ್ ಜೊತೆ ಮೆಸಾನ್ ಎಂಬ ಇನ್ನೊಂದು ಬಿಲ್ಡ್ ವ್ಯವಸ್ಥೆಯ ಫೈಲ್‌ಗೂ ಸೇರಿಸಿ. 16ರಿಂದ ಎರಡೂ ಇವೆ.