ಎಂಟ್‌ವಿಸಲ್ ಅಂದರೆ ಎಲ್ಲಿಯವರು?

ಪ್ರಶ್ನೆ: ಮಗನ ಹೊಸ ಬಾಸ್ ಇಂಗ್ಲಿಷಿನವರು, ಅಡ್ಡಹೆಸರು ಎಂಟ್‌ವಿಸಲ್. ಇದು ಸೀಟಿ ಊದುವವರ ಮನೆತನವಾ? – ಓದುಗರು, ಸಕಲೇಶಪುರ

ಉತ್ತರ: ಸೀಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಊರಿನ ಹೆಸರು. ನಮ್ಮ ಹಾಸನ ಜಿಲ್ಲೆಯ ಜಾವಗಲ್ ಊರು ಶ್ರೀನಾಥ್ ಹೆಸರಿನ ಮುಂದೆ ಕೂತಿದೆ ಅಲ್ವಾ, ಹಾಗೇ. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ಬೋಲ್ಟನ್ ಪಟ್ಟಣದ ಉತ್ತರಕ್ಕೆ ಎಂಟ್‌ವಿಸಲ್ ಅನ್ನೋ ಪುಟ್ಟ ಹಳ್ಳಿಯಿದೆ. ಬೋಲ್ಟನ್–ಬ್ಲ್ಯಾಕ್‌ಬರ್ನ್ ರೈಲು ಅಲ್ಲಿ ಸುಮ್ನೆ ನಿಲ್ಲುವುದಿಲ್ಲ, ಹತ್ತುವವರು ಕೈ ತೋರಿಸಬೇಕು, ಇಳಿಯುವವರು ಮೊದಲೇ ಹೇಳಬೇಕು. ಹೊಳೆ ಕವಲೊಡೆಯುವ, ಬಾತುಕೋಳಿಗಳಿರುವ ಜಾಗ ಎಂಬುದು ಹಳೆಯ ಇಂಗ್ಲಿಷಿನ ಮೂಲ ಅಂತ ಪಂಡಿತರು ಹೇಳುತ್ತಾರೆ.

ಇಂಥ ಹೆಸರು ಸಾಮಾನ್ಯವಾಗಿ ಅಂಟುವುದು ಊರು ಬಿಟ್ಟವರಿಗೆ, ಯಾಕಂದ್ರೆ ಊರೊಳಗೆ ಎಲ್ಲರೂ ಅದೇ ಊರಿನವರೇ, ಹಾಗೆ ಕರೆದರೆ ಗುರುತೇ ಸಿಗದು. ಆದರೂ ಹೆಚ್ಚಿನವರು ದೂರ ಹೋಗಲಿಲ್ಲ. 1881ರ ಜನಗಣತಿಯಲ್ಲೂ ಈ ಹೆಸರು ಲ್ಯಾಂಕಾಷೈರ್‌ನಲ್ಲೇ ಜಾಸ್ತಿ. ಹತ್ತಿ ಗಿರಣಿಗಳು ಮನೆ ಬಾಗಿಲಿಗೇ ಬಂದಿದ್ದವು, ಕೆಲಸಕ್ಕೆ ಊರೂರು ಅಲೆಯುವುದು ಯಾಕೆ? ಆಮೇಲೆ ಕೆಲವರು ಅಮೆರಿಕ, ಆಸ್ಟ್ರೇಲಿಯಾಕ್ಕೂ ಹೋದರು. ‘ದಿ ಹೂ’ (The Who) ಅನ್ನೋ ಇಂಗ್ಲಿಷ್ ರಾಕ್ ಸಂಗೀತ ತಂಡದ ಬಾಸ್ ಗಿಟಾರ್ ವಾದಕ ಜಾನ್ ಎಂಟ್‌ವಿಸಲ್ ಹುಟ್ಟಿದ್ದು ಮಾತ್ರ 1944ರಲ್ಲಿ, ಲಂಡನ್ನಿನಲ್ಲಿ.

ಮಗ ಬಾಸ್‌ನ ಹತ್ತಿರ ‘ಬೋಲ್ಟನ್ ಕಡೆಯವರಾ ಸಾರ್’ ಅಂತ ಕೇಳಲಿ, ಹೌದು ಅನ್ನುವ ಸಾಧ್ಯತೆ ಚೆನ್ನಾಗಿಯೇ ಇದೆ.