ಫ್ರಾಕಿನ ಅಂಚು ಬಿಡದ ಕೈ

ಆರು ವರ್ಷದ ಹುಡುಗಿ, ಒಂದನೇ ಕ್ಲಾಸು. ಇಲ್ಲಿ ಚಿನ್ನು ಅಂತ ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

"ಜಾರುಬಂಡೆ ಅಂದ್ರೆ ಪ್ರಾಣ ಬಿಡ್ತಿದ್ಲು ಮೇಡಂ. ಈಗ ಮೂರು ತಿಂಗಳಿಂದ ಆಟಕ್ಕೇ ಹೋಗಲ್ಲ" ಅಂತ ಅಮ್ಮ ನನ್ನ ಹತ್ತಿರ ಕೌನ್ಸೆಲಿಂಗಿಗೆ ಕರೆದುಕೊಂಡು ಬಂದಿದ್ದರು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಕೈ. ಕುರ್ಚಿಯಲ್ಲಿ ಕೂತ ಕೂಡಲೇ ಫ್ರಾಕಿನ ಅಂಚನ್ನು ಮೊಣಕಾಲಿಗೆ ಒತ್ತಿ ಹಿಡಿದಳು. ಕ್ರೆಯಾನ್ಸ್ ಕೊಟ್ಟರೆ ಒಂದೇ ಕೈಯಲ್ಲಿ ಚಿತ್ರ ಬಿಡಿಸಿದಳು. ಇನ್ನೊಂದು ಕೈ ಅಂಚು ಬಿಡಲಿಲ್ಲ.

ಮಗು ಇದ್ದಕ್ಕಿದ್ದಂತೆ ಹೀಗೆ ಮೈ ಮುಚ್ಚಿಕೊಳ್ಳತೊಡಗಿದರೆ, ಯಾರಾದರೂ ಕೆಟ್ಟದಾಗಿ ಮುಟ್ಟಿದ್ದಾರಾ ಅನ್ನೋದನ್ನೇ ಮೊದಲು ನೋಡಬೇಕು. ಮೊದಲ ಎರಡು ಭೇಟಿ ಅದಕ್ಕೇ ಹೋಯಿತು. ಅಂಥದ್ದೇನೂ ಕಾಣಲಿಲ್ಲ. (ಇಂಥ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು.)

ಮೂರನೇ ಸಲ ಅವಳೇ ಹೇಳಿದಳು: "ಓಡಿದ್ರೆ ಚಡ್ಡಿ ಕಾಣುತ್ತೆ. ಎಲ್ಲ ಶೇಮ್ ಶೇಮ್ ಅಂತಾರೆ."

ಮನೆಯಲ್ಲಿ ಅಜ್ಜಿ, ಸ್ಕೂಲಲ್ಲಿ ಆಯಾ, ಮದುವೆಮನೆಯಲ್ಲಿ ಅತ್ತೆ. ಎಲ್ಲರದ್ದೂ ಒಂದೇ ಮಾತು: "ಕಾಲು ಕೂಡಿಸ್ಕೊಂಡು ಕೂತ್ಕೋ." ಎಂಟು ವರ್ಷದ ಅಣ್ಣನಿಗೆ ಈ ಮಾತು ಯಾರೂ ಹೇಳಿಲ್ಲ. ಅವನ ಚಡ್ಡಿಯ ಎರಡೂ ಜೇಬಲ್ಲಿ ಗೋಲಿ, ಕಲ್ಲು. ಇವಳ ಫ್ರಾಕಲ್ಲಿ ಜೇಬಿರಬೇಕಾದ ಜಾಗದಲ್ಲಿ ರಿಬ್ಬನ್ ಹೂವು. ಫೋನಲ್ಲೂ ಅಷ್ಟೇ. ಅವನು ನೋಡುವ ಕಾರ್ಟೂನಲ್ಲಿ ಹುಡುಗರು ಹಾರುತ್ತಾರೆ, ಬೀಳುತ್ತಾರೆ, ಮತ್ತೆ ಏಳುತ್ತಾರೆ. ಇವಳ ಗೇಮಲ್ಲಿ ಗೊಂಬೆ ನಿಂತಲ್ಲೇ ನಿಂತಿರುತ್ತದೆ, ಬಟ್ಟೆ ಮಾತ್ರ ಬದಲಾಗುತ್ತದೆ.

"ಆಟಕ್ಕೆ ಅಣ್ಣನ ಥರ ಚಡ್ಡಿ ಹಾಕ್ಕೋತೀಯಾ?" ಅಂದೆ.

"ಹಾಕ್ಕೊಂಡ್ರೆ ನಾನು ಹುಡುಗ ಆಗ್ಬಿಡ್ತೀನಾ?"

ಅವಳು ನಿಜವಾಗಿ ಹೆದರಿದ್ದಳು. ಎರಡು ಮೂರು ವರ್ಷಕ್ಕೇ ಮಕ್ಕಳಿಗೆ ತಾನು ಹುಡುಗಿ, ತಾನು ಹುಡುಗ ಅನ್ನೋದು ಗೊತ್ತಾಗುತ್ತದೆ. ಬಟ್ಟೆ ಬದಲಾದರೂ ತಾನು ಬದಲಾಗಲ್ಲ ಅನ್ನೋದು ಗಟ್ಟಿಯಾಗಲು ಆರೇಳು ವರ್ಷ ವಯಸ್ಸಾಗಬೇಕು. ಈ ನಡುವೆ ನಾವು ಸುಮ್ನೆ ಆಡಿದ ಮಾತನ್ನೂ ಅವರು ಕಾನೂನಿನಂತೆ ಪಾಲಿಸುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ.

ಅಮ್ಮನಿಗೆ ಹೇಳಿದೆ: ಫ್ರಾಕ್ ಕಿತ್ತುಕೊಳ್ಳಬೇಡಿ, ಅದು ಅವಳಿಗೆ ಇಷ್ಟ. ಒಳಗೆ ಮೊಣಕಾಲುದ್ದದ ಚಡ್ಡಿ ಹಾಕಿ. ಜೇಬು ಹೊಲಿಸಿ. ಗೇಮ್ ಆಡುವಾಗ ಪಕ್ಕ ಕೂತು, "ಈ ಗೊಂಬೆ ಮರ ಹತ್ತುತ್ತಾ?" ಅಂತ ಕೇಳಿ. ಮೈ ಕಾಪಾಡಿಕೊಳ್ಳುವ ಪಾಠ ಬೇಕೇ ಬೇಕು, ಆದರೆ ಅಣ್ಣನಿಗೂ ಹೇಳಿ. ನಾಚಿಕೆಯ ಮಾತಲ್ಲಿ ಬೇಡ.

ಯೂನಿಫಾರ್ಮ್ ಬಗ್ಗೆ ಟೀಚರ್ ಹತ್ತಿರ ಮಾತಾಡಲು ಅವರಿಗೆ ಮುಜುಗರ. ಕೇರಳದ ವಳಯಂಚಿರಂಗರದ ಸರ್ಕಾರಿ ಶಾಲೆಯಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಶರ್ಟು, ಮೊಣಕಾಲು ದಾಟುವ ಚಡ್ಡಿ ಮಾಡಿದ್ದಾರೆ. ಅದನ್ನು ಹೇಳಿದೆ. ದಿನಾ ಟ್ರ್ಯಾಕ್ ಪ್ಯಾಂಟ್ ಹಾಕಲು ಟೀಚರ್ ಒಪ್ಪಿದರು.

ಅಜ್ಜಿಯನ್ನೂ ಕರೆಸಿದೆ. ತಪ್ಪು ಹೊರಿಸಲಿಲ್ಲ. ನೀವು ಚಿಕ್ಕವರಿದ್ದಾಗ ಏನಾಡ್ತಿದ್ರಿ ಅಂತ ಕೇಳಿದೆ, ಅಷ್ಟೇ. "ಲಂಗ ಸೊಂಟಕ್ಕೆ ಸಿಗಿಸಿ ಸೀಬೆ ಮರ ಹತ್ತುತ್ತಿದ್ದೆ ಕಣಮ್ಮ" ಎಂದರು. ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಚಿನ್ನು ಬಾಯಿ ಬಿಟ್ಟು ನೋಡುತ್ತಿದ್ದಳು.

ಆರು ವಾರ ಕಳೆದಿದೆ. ಹೊಸಬರು ಬಂದರೆ ಕೈ ಈಗಲೂ ಅಂಚಿಗೆ ಹೋಗುತ್ತದೆ. ಆದರೆ ಮೊನ್ನೆ ಬಂದವಳು ಜೇಬಿಗೆ ಕೈಹಾಕಿ, ಎರಡು ಹುಣಸೆಬೀಜ ತೆಗೆದು ನನ್ನ ಮೇಜಿನ ಮೇಲಿಟ್ಟಳು.