ಬೇಲಿ ಹತ್ತಿರ ನಿಂತು ವಿಮಾನ ನೋಡುವವರ ಫೋಟೋ ಸರಣಿಯಲ್ಲಿ ‘ಎಲ್ಲಿಗಾದರೂ ಹೋಗಿಬಿಡಬೇಕು’ ಅನ್ನುವ ಆಸೆಯನ್ನು ತೋರಿಸುವುದು ಹೇಗೆ?

ವಿಮಾನ ನಿಲ್ದಾಣದ ಬೇಲಿಯಾಚೆ ಗಂಟೆಗಟ್ಟಲೆ ನಿಲ್ಲುವವರ ಮೇಲೆ ಒಂದು ಸರಣಿ ಮಾಡಬೇಕು ಅಂತಿದ್ದೀರಿ. ಅವರೆಲ್ಲ ಇರುವ ಬದುಕಿನಿಂದ ತಪ್ಪಿಸಿಕೊಳ್ಳಲು ಹಂಬಲಿಸುವವರು ಅಂತ ನಿಮಗೆ ಅನಿಸಿದೆ. ಅದು ಚಿತ್ರದಲ್ಲಿ ಬರುವುದು ಹೇಗೆ ಅಂತ ಕೇಳಿದ್ದೀರಿ. ನಾನು ಆರು ವರ್ಷ ಬೇಲಿಗೆ ಮುಖ ಮಾಡಿ ವಿಮಾನದ ಫೋಟೋ ತೆಗೆದವನು. ಆಮೇಲೆ ನಾಲ್ಕು ವರ್ಷ ಬೇಲಿಗೆ ಬೆನ್ನು ಹಾಕಿ ಅಲ್ಲಿ ನಿಂತವರ ಫೋಟೋ ತೆಗೆದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು, ಅವರ ಆಸೆ ಏನು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ನಾನು ಹೋಗಿದ್ದೆ. ಮೊದಲ ವರ್ಷದ ನನ್ನ ಚಿತ್ರಗಳೆಲ್ಲ ಒಂದೇ ಥರ: ಕೆಳಗೆ ಒಬ್ಬರ ಬೆನ್ನು, ಮೇಲೆ ವಿಮಾನ, ಹಿಂದೆ ಕೆಂಪು ಸಂಜೆ. ಕ್ಯಾಲೆಂಡರಿಗೆ ಚೆನ್ನಾಗಿರುತ್ತೆ. ಆದರೆ ಆ ಬೆನ್ನು ಯಾರದ್ದಾದರೂ ನಡೆಯುತ್ತಿತ್ತು, ಅಲ್ವಾ? ಅಲ್ಲಿ ನಿಂತವರ ಬಗ್ಗೆ ಆ ಚಿತ್ರ ಏನೂ ಹೇಳುತ್ತಿರಲಿಲ್ಲ. ನನ್ನ ತಲೆಯಲ್ಲಿದ್ದದ್ದನ್ನೇ ನಾನು ಅವರ ಮೇಲೆ ಹೇರಿದ್ದೆ.

ಕಣ್ಣು ತೆರೆಸಿದ್ದು ಅರವತ್ತರ ಆಸುಪಾಸಿನ ಒಬ್ಬರು. ಬೇಲಿಯ ಮೇಲಿಂದ ಕಾಣಲಿ ಅಂತ ಮೂರು ಮೆಟ್ಟಿಲಿನ ಮಡಚುವ ಏಣಿ ತರುತ್ತಿದ್ದರು. ಜೇಬಲ್ಲಿ ಒಂದು ನೋಟ್‌ಬುಕ್, ಅದರ ಬೆನ್ನಿಗೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಪೆನ್ಸಿಲ್. ಒಂದು ವಿಮಾನ ಎದ್ದು ಹೋಯಿತು. ಅದರ ರಿಜಿಸ್ಟ್ರೇಶನ್ ಬರೆದುಕೊಂಡರು. ಮೊದಲು ಯಾವ ಕಂಪನಿ ಕೊಂಡಿತ್ತು, ಆಗ ಯಾವ ಬಣ್ಣ ಇತ್ತು, ಯಾವ ಎಂಜಿನ್, ಎಲ್ಲ ಹೇಳಿದರು. ‘ಇದು ಎಲ್ಲಿಗೆ ಹೋಗ್ತಿದೆ?’ ಅಂತ ಕೇಳಿದೆ. ‘ಗೊತ್ತಿಲ್ವಲ್ಲ’ ಅಂದರು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ. ನಿಮಗೂ ಹತ್ತಿ ಹೋಗಿಬಿಡೋಣ ಅನಿಸಲ್ವಾ ಅಂದೆ. ‘ನಾನು ಹೋದ್ರೆ ನಾಳೆ ಬರೋದನ್ನ ಯಾರು ನೋಡೋದು?’ ಅಂದರು. ತಮಾಷೆಗೆ ಹೇಳಿದ್ದಲ್ಲ.

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ಇವರಲ್ಲಿ ಹೆಚ್ಚಿನವರಿಗೆ ತಪ್ಪಿಸಿಕೊಳ್ಳಲು ವಿಮಾನ ಹತ್ತಬೇಕಾಗಿಯೇ ಇಲ್ಲ. ಬೇಲಿ ಹತ್ತಿರದ ಆ ಮೂರು ಗಂಟೆ ಸಾಕು. ಅಲ್ಲಿ ಯಾರೂ ನಿಮ್ಮ ಕೆಲಸ ಏನು, ಸಂಬಳ ಎಷ್ಟು, ಮದುವೆ ಆಗಿದೆಯಾ ಅಂತ ಕೇಳಲ್ಲ. ‘ಇವತ್ತು ಏನೇನು ಬಂತು?’ ಅಂತ ಮಾತ್ರ ಕೇಳುತ್ತಾರೆ. ವರ್ಷಗಟ್ಟಲೆ ಅಕ್ಕಪಕ್ಕ ನಿಂತು ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲ್ಲ. ನಿಮ್ಮ ಸರಣಿಯ ವಸ್ತು ಅಲ್ಲಿದೆ ಅಂತ ನನ್ನ ಅನಿಸಿಕೆ.

ಇನ್ನು ಕೆಲವರು ತಪ್ಪಿಸಿಕೊಳ್ಳುವುದು ಹಿಂದಿನ ಕಾಲಕ್ಕೆ. ನಾಲ್ಕು ಎಂಜಿನ್ ವಿಮಾನ ಬರುತ್ತೆ ಅಂದರೆ ವಯಸ್ಸಾದವರ ಮುಖ ನೋಡಬೇಕು. ಬೋಯಿಂಗ್ 747 ಮೊದಲು ಹಾರಿದ್ದು 1969ರ ಫೆಬ್ರವರಿಯಲ್ಲಿ. ಒಟ್ಟು 1,574 ತಯಾರಾದವು. ಕೊನೆಯದನ್ನು ಕಾರ್ಗೋ ಕಂಪನಿಯೊಂದು 2023ರ ಜನವರಿಯಲ್ಲಿ ತೆಗೆದುಕೊಂಡಿತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ 2003ರಲ್ಲೇ ನಿಂತಿತು. ಏರ್‌ಬಸ್ಸಿನ ಎರಡಂತಸ್ತಿನ ಎ380 ತಯಾರಿಕೆ 2021ಕ್ಕೆ ಮುಗಿಯಿತು. ಈಗ ಕಾಣುವುದೆಲ್ಲ ಜಾಸ್ತಿ ಎರಡು ಎಂಜಿನ್ನಿನವೇ, ದೂರದಿಂದ ಒಂದೇ ಅಚ್ಚು. ಹಾಗಾಗಿ ಹಳೆಯ 747 ಒಂದು ಇಳಿಯುವಾಗ ಅವರು ಹತ್ತನೇ ವಯಸ್ಸಿಗೆ, ಅಪ್ಪನ ಹೆಗಲ ಮೇಲೆ ಕೂತು ನೋಡಿದ ದಿನಕ್ಕೆ ಹೋಗಿಬಿಡುತ್ತಾರೆ. ಹಾಂಗ್‌ಕಾಂಗಿನ ಹಳೆಯ ಕೈ ಟಾಕ್ ನಿಲ್ದಾಣದ ಮಾತು ಬಂದರೂ ಹಾಗೆಯೇ. ಗುಡ್ಡದ ಮೇಲಿನ ಚೌಕುಳಿ ಗುರುತು ನೋಡಿಕೊಂಡು ವಿಮಾನ ಬಲಕ್ಕೆ ತಿರುಗಿ, ಕಟ್ಟಡಗಳ ನೆತ್ತಿ ಮೇಲೆ ಇಳಿಯುತ್ತಿತ್ತು. 1998ರಲ್ಲಿ ಮುಚ್ಚಿತು. ಅದನ್ನು ನೋಡದೇ ಹೋದವರು, ಹತ್ತಿರದ ನೆಂಟರನ್ನು ಕೊನೇ ಸಲ ನೋಡಲಾಗಲಿಲ್ಲ ಅನ್ನುವ ದನಿಯಲ್ಲಿ ಮಾತಾಡುತ್ತಾರೆ.

ನಿಜವಾಗಿ ಹೊರಟುಹೋಗಬೇಕು ಅನ್ನುವವರೂ ಇರುತ್ತಾರೆ. ಅವರ ಕೈಯಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಇರಲ್ಲ. ಒಬ್ಬ ಹೆಂಗಸು ವಾರಕ್ಕೆರಡು ಸಲ ಬರುತ್ತಿದ್ದರು, ಕೆಲಸದ ಬಟ್ಟೆಯಲ್ಲೇ. ಏಳುವ ವಿಮಾನ ಮಾತ್ರ ನೋಡುತ್ತಿದ್ದರು. ಇಳಿಯುವುದು ಬಂದರೆ ಚೀಲದೊಳಗೆ ಏನೋ ಹುಡುಕುವವರ ಹಾಗೆ ತಲೆ ಬಗ್ಗಿಸುತ್ತಿದ್ದರು. ನಾನು ಅವರ ಮುಖ ತೆಗೆಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಜಾಲರಿಗೆ ಸಿಕ್ಕಿಸಿದ್ದ ನಾಲ್ಕು ಬೆರಳು ಮಾತ್ರ ತೆಗೆದೆ. ಸರಣಿಯಲ್ಲಿ ನನಗೆ ಇವತ್ತಿಗೂ ಇಷ್ಟವಾಗುವ ಚಿತ್ರ ಅದೊಂದೇ.

ಈಗ ಕ್ಯಾಮೆರಾ ವಿಷಯ. ವಿಮಾನ ತೆಗೆಯುವವರು ಲೆನ್ಸನ್ನು ಜಾಲರಿಗೆ ಅಂಟಿಸಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ದೊಡ್ಡದಾಗಿ ತೆರೆಯುತ್ತಾರೆ. ಆಗ ತಂತಿ ಮಸುಕಾಗಿ ಮಾಯವಾಗುತ್ತೆ. ನೀವು ಉಲ್ಟಾ ಮಾಡಿ, ಎರಡು ಹೆಜ್ಜೆ ಹಿಂದೆ ಬಂದು ತಂತಿ ಕಾಣಿಸಲಿ. ನಿಮ್ಮ ಕಥೆಯಲ್ಲಿ ಬೇಲಿಯೂ ಒಂದು ಪಾತ್ರ. ಉದ್ದ ಲೆನ್ಸ್ ಮನೆಯಲ್ಲಿಟ್ಟು ಅಗಲ ನೋಟದ 28 ಅಥವಾ 35 ಎಂಎಂ ಲೆನ್ಸ್ ಒಯ್ಯಿರಿ, ಹತ್ತಿರ ಹೋಗಲೇಬೇಕಾಗುತ್ತೆ. ವಿಮಾನ ತಲೆ ಮೇಲೆ ಬರುವ ಕ್ಷಣದಲ್ಲಿ ಎಲ್ಲರ ಮುಖವೂ ಒಂದೇ: ಬಾಯಿ ಸ್ವಲ್ಪ ತೆರೆದಿರುತ್ತೆ, ಕತ್ತು ಮೇಲೆ. ಅದನ್ನು ಬಿಡಿ. ಸದ್ದು ಕರಗುತ್ತಾ ಹೋಗುವ ಮುಂದಿನ ಅರ್ಧ ನಿಮಿಷ ಕಾಯಿರಿ. ಕೆಲವರು ತಕ್ಷಣ ಬರೆಯುತ್ತಾರೆ, ಕೆಲವರು ಕ್ಯಾಮೆರಾದ ಹಿಂಬದಿ ನೋಡುತ್ತಾರೆ. ಯಾರೋ ಒಬ್ಬರು ಮಾತ್ರ ಖಾಲಿ ಆಕಾಶ ನೋಡುತ್ತಾ ಉಳಿಯುತ್ತಾರೆ. ನಿಮಗೆ ಬೇಕಾದವರು ಅವರೇ.

ಗಾಳಿಯ ದಿಕ್ಕು ನೋಡಿಕೊಂಡು ಹೋಗಿ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುವುದು, ಇಳಿಯುವುದು. ಗಾಳಿ ತಿರುಗಿದರೆ ರನ್‌ವೇಯ ತುದಿ ಬದಲಾಗುತ್ತೆ, ಜನ ಏಣಿ ಹೊತ್ತುಕೊಂಡು ಇನ್ನೊಂದು ಕಡೆ ಓಡುತ್ತಾರೆ. ಆ ಓಟದ ಚಿತ್ರ ಚೆನ್ನಾಗಿ ಬರುತ್ತೆ. ಮೊಬೈಲ್ ಬಂದ ಮೇಲೆ ಕಾಯುವ ರೀತಿಯೂ ಬದಲಾಗಿದೆ. ಸ್ವೀಡನ್ನಿನ ಇಬ್ಬರು ಹವ್ಯಾಸಿಗಳು 2006ರಲ್ಲಿ ಶುರು ಮಾಡಿದ ಫ್ಲೈಟ್‌ರಾಡಾರ್24 ಈಗ ಎಲ್ಲರ ಕೈಯಲ್ಲಿದೆ. ವಿಮಾನ ತಾನೇ ಕಳಿಸುವ ರೇಡಿಯೊ ಸಂದೇಶ ಹಿಡಿದು ನಕ್ಷೆಯಲ್ಲಿ ತೋರಿಸುತ್ತೆ. ಏನು ಬರುತ್ತೆ ಅನ್ನುವ ಅಚ್ಚರಿ ಹೋಯಿತು ಅಂತ ಹಳಬರು ಗೊಣಗುತ್ತಾರೆ. ಗೊಣಗುತ್ತಲೇ ಅವರೂ ನೋಡುತ್ತಾರೆ. ಕತ್ತಲಾದ ಮೇಲೆ ಪರದೆಯ ಬೆಳಕು ಬಿದ್ದ ಮುಖಗಳನ್ನು ಬಿಡಬೇಡಿ.

ವಿಮಾನ ತಲೆ ಮೇಲೇ ಹಾದು ಇಳಿಯುವ, ಕೆರಿಬಿಯನ್ನಿನ ಸೇಂಟ್ ಮಾರ್ಟಿನ್ ದ್ವೀಪದ ಮಾಹೋ ಬೀಚಿನಂಥ ಜಾಗಕ್ಕೆ ಇದಕ್ಕಾಗಿ ಹೋಗಬೇಡಿ. ಅಲ್ಲಿ ಪ್ರವಾಸಿಗರ ಗದ್ದಲ ಜಾಸ್ತಿ, ಎಲ್ಲರ ಚಿತ್ರವೂ ಒಂದೇ. ಎಂಜಿನ್ ಗಾಳಿಯ ಹೊಡೆತಕ್ಕೆ 2017ರಲ್ಲಿ ಅಲ್ಲಿ ಒಬ್ಬರು ಸತ್ತೂ ಹೋದರು.

ಅನುಮತಿ ವಿಷಯ ಹಗುರವಾಗಿ ತಗೋಬೇಡಿ. 2001ರಲ್ಲಿ ಗ್ರೀಸಿನ ಕಲಮಾಟಾದಲ್ಲಿ ಮಿಲಿಟರಿ ವಿಮಾನಗಳ ನಂಬರ್ ಬರೆದುಕೊಂಡಿದ್ದಕ್ಕೆ ಹನ್ನೆರಡು ಬ್ರಿಟಿಷರು, ಇಬ್ಬರು ಡಚ್ಚರು ಬೇಹುಗಾರಿಕೆ ಆರೋಪದಲ್ಲಿ ಜೈಲು ಸೇರಿದರು. ಮರುವರ್ಷ ಶಿಕ್ಷೆಯೂ ಆಯಿತು, ಆಮೇಲೆ ಮೇಲ್ಮನವಿಯಲ್ಲಿ ಖುಲಾಸೆ ಆದರು. ರಜೆ ಹಾಕಿ ತಪ್ಪಿಸಿಕೊಂಡು ಹೋದವರು ಸೆರೆಮನೆಯಲ್ಲಿ! ಆಯಾ ದೇಶದ ನಿಯಮ ಮೊದಲು ಓದಿಕೊಳ್ಳಿ. ನನ್ನನ್ನೂ ಒಮ್ಮೆ ಕೂರಿಸಿ ಎರಡು ಗಂಟೆ ಕೇಳಿದ್ದರು. ‘ವಿಮಾನ ಅಲ್ಲ ಸಾರ್, ವಿಮಾನ ನೋಡೋರನ್ನ ತೆಗೀತೀನಿ’ ಅಂದಿದ್ದಕ್ಕೆ ಅನುಮಾನ ಇನ್ನೂ ಜಾಸ್ತಿ ಆಯಿತು.

ಹಳೆಯ ಚಿತ್ರ ಒಂದನ್ನು ಹುಡುಕಿ ನೋಡಿ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತೀಗ್ 1910ರಲ್ಲಿ, ಹದಿಹರೆಯದಲ್ಲಿ ತೆಗೆದದ್ದು. ಮನೆಯವರು ಕಟ್ಟಿದ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ನೆಲ ಬಿಟ್ಟು ಎದ್ದಿದೆ. ಕೆಳಗಿದ್ದವರೂ ಹಾರಲು ನೋಡುತ್ತಿದ್ದಾರೆ ಅಂತ ಆತನೇ ಅಡಿಬರಹ ಹಾಕಿದ್ದಾನೆ. ನಿಮ್ಮ ಪ್ರಶ್ನೆ ಪೂರ್ತಿ ಅದರಲ್ಲಿದೆ.

ಕೊನೆಗೆ, ಯಾರ ಚಿತ್ರ ತೆಗೆದಿರೋ ಅವರಿಗೆ ಪ್ರಿಂಟ್ ಕೊಡಿ. ಏಣಿಯವರಿಗೆ ನಾನೊಂದು ಕೊಟ್ಟೆ. ಅವರ ಮುಖ ಅಷ್ಟು ಚೆನ್ನಾಗಿ ಬಂದಿತ್ತು, ನನಗೇ ಹೆಮ್ಮೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ ಮೂಲೆಯಲ್ಲಿ ಮಸುಕಾಗಿದ್ದ ಒಂದು ವಿಮಾನದ ಬಾಲದ ಮೇಲೆ ಬೆರಳಿಟ್ಟು, ‘ಇದು ಯಾವ್ದು? ತೆಗೆದ ದಿನ, ಟೈಮು ಇದ್ಯಾ?’ ಅಂದರು. ಫೈಲಿನಲ್ಲಿ ನೋಡಿ ಹೇಳಿದೆ. ನೋಟ್‌ಬುಕ್ ತೆಗೆದು ಹಿಂದಿನ ಪುಟಗಳನ್ನು ತಿರುವಲು ಶುರು ಮಾಡಿದರು.